ಕೈಯಾರೆ ಸಾಕುವ ಮೊಲದ ಮರಿ: ಹಾಲಿನಿಂದ ಹುಲ್ಲಿನವರೆಗೆ ಹೊಟ್ಟೆ ಕಾಯುವುದು ಹೇಗೆ?

"ನಿನ್ನೆ ರಾತ್ರಿ ಚೆನ್ನಾಗೇ ಹಾಲು ಕುಡೀತು ಅಕ್ಕಾ, ಬೆಳಿಗ್ಗೆ ನೋಡಿದ್ರೆ ಸತ್ತು ಹೋಗಿತ್ತು." ಮಳೆಗಾಲ ಶುರುವಾದರೆ ಸಾಕು, ಈ ಮಾತು ನನಗೆ ಮತ್ತೆ ಮತ್ತೆ ಕೇಳಿಸುತ್ತದೆ. ನಮ್ಮ ಕೊಡಗಿನ ಸುಂಟಿಕೊಪ್ಪದಿಂದ ಒಮ್ಮೆ, ನಾಪೋಕ್ಲಿನಿಂದ ಒಮ್ಮೆ. ಊರು ಬೇರೆ, ಕಥೆ ಒಂದೇ.

ಎಲ್ಲರೂ ಮಾಡುವ ತಪ್ಪೂ ಒಂದೇ. ಮರಿ ಕೈಗೆ ಬಂದ ಕೂಡಲೇ ಹಾಲು ಕಾಯಿಸಲು ಅಡುಗೆಮನೆಗೆ ಓಡುತ್ತಾರೆ. ಹಾಲು ಮೂರನೆಯ ಕೆಲಸ. ಅದಕ್ಕೂ ಮುಂಚೆ ಎರಡು ಕೆಲಸಗಳಿವೆ. ಕೈಯಲ್ಲಿ ಬೆಳೆಯುವ ಮರಿಗಳು ಹಸಿವಿನಿಂದ ಸಾಯುವುದು ಕಡಿಮೆ. ಚಳಿಗೆ ಸಾಯುತ್ತವೆ, ಜಾಸ್ತಿ ಕುಡಿಸಿದ್ದಕ್ಕೆ ಸಾಯುತ್ತವೆ, ಆಮೇಲೆ ಹೊಟ್ಟೆ ಕೆಟ್ಟು ಸಾಯುತ್ತವೆ. ಅದಕ್ಕೇ ಈ ಬರಹದಲ್ಲಿ ಹಂತಗಳ ಕ್ರಮ ಮುಖ್ಯ. ಹಿಂದೆಮುಂದೆ ಮಾಡಬೇಡಿ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಗ್ರಾಂ ಲೆಕ್ಕದಲ್ಲಿ ತೂಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಸೂಜಿ ಇಲ್ಲದ 1 ಮಿಲಿ ಸಿರಿಂಜ್ ನಾಲ್ಕೈದು, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹತ್ತಿ, ಹಳೆಯ ಕಾಟನ್ ಪಂಚೆ, ಆಳವಾದ ರಟ್ಟಿನ ಪೆಟ್ಟಿಗೆ, ಎರಡು ಸೋಡಾ ಬಾಟಲಿ, ಎರಡು ದಪ್ಪ ಕಾಲುಚೀಲ. ಒಂದು ನೋಟ್‌ಬುಕ್.

ದೊಡ್ಡ ಸಿರಿಂಜ್ ಬೇಡ. 5 ಮಿಲಿ ಸಿರಿಂಜಿನಲ್ಲಿ ಬೆರಳು ಸ್ವಲ್ಪ ಜಾರಿದರೂ ಮರಿಯ ಬಾಯಿ ತುಂಬಿ ಮೂಗಿಗೆ ಹೋಗುತ್ತದೆ. ನೋಟ್‌ಬುಕ್ ಯಾಕೆ ಅಂತ ಕೇಳಬೇಡಿ, ನಾಲ್ಕನೇ ದಿನ ನಿಮಗೇ ಗೊತ್ತಾಗುತ್ತದೆ.

## ಹಂತ 1: ಮರಿ ನಿಜವಾಗಿಯೂ ತಬ್ಬಲಿಯೇ?

ತಾಯಿ ಮೊಲ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಹಾಲು ಕೊಡುತ್ತದೆ. ಅದೂ ಮೂರರಿಂದ ಐದು ನಿಮಿಷ, ಸಾಮಾನ್ಯವಾಗಿ ನಡುರಾತ್ರಿ ಅಥವಾ ನಸುಕಿನಲ್ಲಿ. ಉಳಿದ ಹೊತ್ತು ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ. "ತಾಯಿ ಬಿಟ್ಟುಬಿಟ್ಟಿದೆ" ಎಂದು ನನಗೆ ಬರುವ ಫೋನ್‌ಗಳಲ್ಲಿ ಸುಮಾರು ಈ ತರದವೇ.

ಬೆಳಿಗ್ಗೆ ಮರಿಯನ್ನು ಎತ್ತಿ ಹೊಟ್ಟೆ ನೋಡಿ. ಮೊದಲ ವಾರದಲ್ಲಿ ಚರ್ಮ ತೆಳ್ಳಗಿರುತ್ತದೆ, ಕುಡಿದ ಹಾಲು ಒಳಗೆ ಬಿಳಿ ಪಟ್ಟಿಯಂತೆ ಕಾಣುತ್ತದೆ. ಹೊಟ್ಟೆ ದುಂಡಗೆ, ಮೈ ಬೆಚ್ಚಗೆ, ಮರಿ ಸದ್ದಿಲ್ಲದೆ ಮಲಗಿದ್ದರೆ ತಾಯಿ ರಾತ್ರಿ ಬಂದು ಹೋಗಿದೆ. ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ಸಾಕುಮೊಲ ಮರಿಯನ್ನು ದೂರ ಮಾಡುತ್ತದೆ ಎನ್ನುವುದು ಸುಮ್ನೆ ಮಾತು. ಹೊಟ್ಟೆ ಒಳಕ್ಕೆ ಅಂಟಿ, ಚರ್ಮ ಸುಕ್ಕುಗಟ್ಟಿ, ಮರಿ ಚಡಪಡಿಸುತ್ತಿದ್ದರೆ ಮಾತ್ರ ಮುಂದಿನ ಹಂತಕ್ಕೆ ಬನ್ನಿ. ಹತ್ತಿರದಲ್ಲಿ ಯಾರ ಮನೆಯಲ್ಲಾದರೂ ಒಂದೆರಡು ದಿನದ ಅಂತರದಲ್ಲಿ ಮರಿ ಹಾಕಿದ ಬೇರೆ ಮೊಲ ಇದೆಯಾ ವಿಚಾರಿಸಿ. ಆ ಗೂಡಿಗೆ ಸೇರಿಸುವುದು ನಿಮ್ಮ ಸಿರಿಂಜಿಗಿಂತ ಸಾವಿರ ಪಾಲು ವಾಸಿ.

ತೋಟದಲ್ಲಿ ಕಳೆ ಹೊಡೆಯುವಾಗ ಸಿಗುವ ಮರಿಯ ವಿಷಯವೇ ಬೇರೆ. ಹುಟ್ಟಿದಾಗಲೇ ಮೈತುಂಬ ಕೂದಲು, ತೆರೆದ ಕಣ್ಣು ಇರುವುದು ಕಾಡುಮೊಲದ ಮರಿಗೆ. ಸಾಕುಮೊಲದ ಮರಿ ಬರಿಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಕಾಡುಮೊಲದ ತಾಯಿ ಮರಿಯನ್ನು ಹುಲ್ಲಿನಲ್ಲೇ ಬಿಟ್ಟು ದೂರ ಹೋಗಿರುತ್ತದೆ, ಸಂಜೆಯ ಮೇಲೆ ಬರುತ್ತದೆ. ಗಾಯವಿಲ್ಲದಿದ್ದರೆ ಸಿಕ್ಕ ಜಾಗದಲ್ಲೇ ಇಟ್ಟು, ಆ ಕಡೆ ಮೆಷಿನ್ ಓಡಿಸುವುದನ್ನು ಆ ದಿನ ನಿಲ್ಲಿಸಿ, ನಾಯಿಯನ್ನು ಕಟ್ಟಿಹಾಕಿ. ಕಾಡುಮೊಲವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಇಲ್ಲಿಂದ ಮುಂದೆ ಬರೆಯುವುದೆಲ್ಲ ಸಾಕುಮೊಲದ ಮರಿಗೆ.

## ಹಂತ 2: ಹಾಲಿಗೆ ಮುಂಚೆ ಶಾಖ

ತಣ್ಣಗಿರುವ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ಹಾಲು ಕೊಟ್ಟರೆ ಅದು ಒಳಗೇ ನಿಂತು ಕೆಡುತ್ತದೆ. ಮರಿಯ ಮೈ ನಿಮ್ಮ ಅಂಗೈಗಿಂತ ತಣ್ಣಗಿದ್ದರೆ ಒಂದು ಹನಿಯೂ ಬೇಡ.

ಮೊದಲ ವಾರ ಪೆಟ್ಟಿಗೆಯೊಳಗೆ 30ರಿಂದ 32 ಡಿಗ್ರಿ ಇರಬೇಕು. ಜುಲೈ ರಾತ್ರಿಯಲ್ಲಿ ಮಡಿಕೇರಿಯ ಕಡೆ ಹೊರಗೆ 20ಕ್ಕಿಂತ ಕೆಳಗಿರುತ್ತದೆ. ಬಲ್ಬ್ ಹಾಕಿ ಮಲಗಿಬಿಡೋಣ ಎಂದುಕೊಂಡರೆ ಕೆಟ್ಟಿರಿ. ನಮ್ಮಲ್ಲಿ ಗಾಳಿಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಸೋಡಾ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ಹಾಕಿ, ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿದುಕೊಳ್ಳಲಿ. ಮೂರು ಗಂಟೆಗೊಮ್ಮೆ ಬಾಟಲಿ ಬದಲಾಯಿಸಿ, ಆರಿದ ಬಾಟಲಿ ಮರಿಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಒಲೆಯ ಪಕ್ಕ ಪೆಟ್ಟಿಗೆ ಇಡುವವರಿದ್ದಾರೆ. ಹೊಗೆ ಮತ್ತು ಅತಿ ಶಾಖ ಎರಡೂ ಮರಿಗೆ ಆಗುವುದಿಲ್ಲ.

ಮರಿ ಬೆಚ್ಚಗಾಗಿ ಕೈಯಲ್ಲಿ ತಡಕಾಡಲು ಶುರುಮಾಡಿದ ಮೇಲೆ, ಮೊದಲ ಸಲ ಹಾಲಿನ ಬದಲು ಓಆರ್‌ಎಸ್ ನೀರು 1 ಮಿಲಿ ಕೊಡಿ. ಪುಡಿ ಕರಗಿಸಿದ ಸಾದಾ ಓಆರ್‌ಎಸ್, ಅಂಗಡಿಯ ಬಣ್ಣದ ಸಿಹಿ ಪ್ಯಾಕೆಟ್ ಅಲ್ಲ.

## ಹಂತ 3: ಯಾವ ಹಾಲು?

ಮೊಲದ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ತಲಾ ಶೇ. 10ಕ್ಕಿಂತ ಜಾಸ್ತಿ, ಸಕ್ಕರೆ ಅಂಶ ತೀರಾ ಕಡಿಮೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸು, ಸಕ್ಕರೆ ಅದಕ್ಕಿಂತ ಸ್ವಲ್ಪ ಮೇಲೆ. ಅಂದರೆ ಹಸುವಿನ ಹಾಲು ಕುಡಿದ ಮರಿಗೆ ಬೇಕಾದ್ದು ಸಿಗುವುದಿಲ್ಲ, ಬೇಡದ್ದು ಹೊಟ್ಟೆಯಲ್ಲಿ ಹುಳಿಯುತ್ತದೆ. ನೀರು ಬೆರೆಸಿದರೆ ಇನ್ನೂ ಕೆಟ್ಟದ್ದು.

ಸುಲಭಕ್ಕೆ ಸಿಗುವುದರಲ್ಲಿ ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ ಒಳ್ಳೆಯದು. ಆನ್‌ಲೈನಿನಲ್ಲಿ ತರಿಸಿದರೆ ಕೊಡಗಿನ ಒಳಊರಿಗೆ ಮೂರ್ನಾಲ್ಕು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯಿಸಿ ಆರಿಸಿದ ಆಡಿನ ಹಾಲು ನಡೆಯುತ್ತದೆ. ಪುಡಿಯನ್ನು ಪ್ಯಾಕೆಟ್ಟಿನ ಅಳತೆಯಲ್ಲೇ ಕಲಸಿ, ಗಂಟು ಉಳಿಯದಂತೆ ಸೋಸಿ. ಕಲಸಿದ ಹಾಲು ಫ್ರಿಜ್‌ನಲ್ಲಿ ಒಂದು ದಿನ, ಅಷ್ಟೇ. ಮರಿ ಬಿಟ್ಟ ಹಾಲನ್ನು ಮತ್ತೆ ಬಿಸಿಮಾಡಬೇಡಿ.

ಇನ್ನು ಜೇನು. ನಮ್ಮೂರಿನಲ್ಲಿ ಸುಸ್ತಾದ ಯಾವ ಜೀವಕ್ಕಾದರೂ ಮೊದಲು ನಾಲಿಗೆಗೆ ಜೇನು ಸವರುವ ಅಭ್ಯಾಸ. ಕೊಡಗಿನ ಜೇನಿನ ಬಗ್ಗೆ ನನಗೂ ಹೆಮ್ಮೆ ಇದೆ, ಆದರೆ ಈ ಹೊಟ್ಟೆಗೆ ಬೇಡ. ಸಕ್ಕರೆ, ಗ್ಲೂಕೋಸ್ ಬಿಸ್ಕತ್ತು, ಮಕ್ಕಳ ಹಾಲಿನ ಪುಡಿ ಯಾವುದೂ ಬೇಡ.

## ಹಂತ 4: ಎಷ್ಟು, ದಿನಕ್ಕೆ ಎಷ್ಟು ಸಲ?

ಮಧ್ಯಮ ಗಾತ್ರದ ತಳಿಗೆ, ಹನ್ನೆರಡು ಗಂಟೆ ಅಂತರದಲ್ಲಿ ದಿನಕ್ಕೆ ಎರಡು ಸಲ ಕುಡಿಸುವ ಲೆಕ್ಕ ಇದು:

- ಹುಟ್ಟಿದ ಮೊದಲ ದಿನಗಳಲ್ಲಿ ಒಂದು ಸಲಕ್ಕೆ 2ರಿಂದ 2.5 ಮಿಲಿ
- ಒಂದು ವಾರಕ್ಕೆ 6ರಿಂದ 7 ಮಿಲಿ
- ಎರಡು ವಾರಕ್ಕೆ 12ರಿಂದ 13 ಮಿಲಿ
- ಮೂರು ವಾರದಿಂದ ಹಾಲು ಬಿಡುವವರೆಗೆ ಹೆಚ್ಚೆಂದರೆ 15 ಮಿಲಿ

ಸಣ್ಣ ತಳಿಯಾದರೆ ಇದಕ್ಕಿಂತ ಕಡಿಮೆ. ತೀರಾ ಬಡಕಲು ಮರಿಗೆ ಇಡೀ ದಿನದ ಅಳತೆಯನ್ನು ಮೂರು ಪಾಲು ಮಾಡಿ ಕೊಡಿ. ಅಳತೆ ಹೆಚ್ಚಿಸಬೇಡಿ.

ವಯಸ್ಸು ಗೊತ್ತಿಲ್ಲವಾ? ಮೈಮೇಲೆ ಮಖಮಲ್ಲಿನಂಥ ಸಣ್ಣ ಕೂದಲು ಬಂದಿದ್ದರೆ ಹೆಚ್ಚುಕಡಿಮೆ ಒಂದು ವಾರ. ಕಣ್ಣು ಬಿಡುವುದು 10ರಿಂದ 12ನೇ ದಿನ. ಗೂಡಿನಿಂದ ಹೊರಗೆ ಕುಪ್ಪಳಿಸುವುದು ಎರಡು ವಾರ ದಾಟಿದ ಮೇಲೆ. ಅಂಗಡಿಯಲ್ಲಿ, ಸಂತೆಯಲ್ಲಿ "ಎರಡು ತಿಂಗಳದ್ದು" ಎಂದು ಕೊಡುವ ಎಷ್ಟೋ ಮರಿಗಳಿಗೆ ನಾಲ್ಕು ವಾರವೂ ಆಗಿರುವುದಿಲ್ಲ. ಅಂಥದ್ದನ್ನು ತಂದಿದ್ದರೆ ಅದಕ್ಕೂ ಇನ್ನೂ ಹಾಲು ಬೇಕು.

ನನ್ನ ಎರಡನೇ ಮರಿಯ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಮರಿ, ಕಾಳು ಎಂದು ಕರೆಯುತ್ತಿದ್ದೆವು. ಹದಿನಾರನೇ ದಿನ ಸಿರಿಂಜನ್ನು ಕಚ್ಚಿ ಎಳೆದು ಕುಡಿಯಿತು. ಇನ್ನೂ ಬೇಕು ಎನ್ನುತ್ತಿದೆ ಅಂತ ನಾನು ತುಂಬಿಸುತ್ತಾ ಹೋದೆ, 20 ಮಿಲಿ ದಾಟಿತು. ಮಧ್ಯಾಹ್ನ ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಸದ್ದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ರಾತ್ರಿ ಎಂಟಕ್ಕೆ ಮುಗಿಯಿತು. ಮರಿ ಸಾಕು ಎನ್ನುವವರೆಗೆ ಕಾಯಬೇಡಿ. ಹೊಟ್ಟೆ ದುಂಡಗಾಗಿ, ಒತ್ತಿದರೆ ಇನ್ನೂ ಮೆತ್ತಗಿರುವಾಗಲೇ ನಿಲ್ಲಿಸಿ.

ದಿನಾ ಬೆಳಿಗ್ಗೆ ಹಾಲಿಗೆ ಮುಂಚೆ ತೂಕ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾಯಿ ಹಾಲಿನಲ್ಲಿ ಮರಿಯ ತೂಕ ಸುಮಾರು ವಾರದೊಳಗೆ ಎರಡರಷ್ಟಾಗುತ್ತದೆ. ನಮ್ಮ ಕೈಯಲ್ಲಿ ಅಷ್ಟು ಬೇಗ ಆಗುವುದಿಲ್ಲ, ಆದರೆ ದಿನವೂ ಏರಬೇಕು. ಎರಡು ದಿನ ನಿಂತಲ್ಲೇ ನಿಂತರೆ ಅಥವಾ ಒಂದು ದಿನ ಇಳಿದರೆ ಏನೋ ತಪ್ಪಾಗುತ್ತಿದೆ.

## ಹಂತ 5: ಕುಡಿಸುವ ಬಗೆ

ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ, ಮೈಗೆ ಬಟ್ಟೆ ಸುತ್ತಿ ಹಿಡಿಯಿರಿ. ಹಾಲು ನಿಮ್ಮ ಮಣಿಕಟ್ಟಿನ ಒಳಬದಿಗೆ ಹಾಕಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಒಳಗಿಟ್ಟು ಒಂದು ಹನಿ ಬಿಡಿ. ನುಂಗಿದ ಮೇಲೆ ಇನ್ನೊಂದು. ಮೊದಲ ಎರಡು ದಿನ 2 ಮಿಲಿಗೆ ಕಾಲು ಗಂಟೆಯೇ ಬೇಕಾಗಬಹುದು, ಆಗಲಿ.

ಮೂಗಿನಲ್ಲಿ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಮುಖ ಮಾಡಿ, ಒರೆಸಿ. ಆಮೇಲೆ ಉಸಿರಾಡುವಾಗ ಟಿಕ್ ಟಿಕ್ ಎನ್ನುವ ಸದ್ದು ಕೇಳಿದರೆ ಶ್ವಾಸಕೋಶಕ್ಕೆ ಹಾಲು ಇಳಿದಿದೆ ಎಂದರ್ಥ. ಅದಕ್ಕೆ ಮನೆಮದ್ದಿಲ್ಲ, ಡಾಕ್ಟರೇ ಬೇಕು.

## ಹಂತ 6: ಕುಡಿಸಿದ ಮೇಲೆ ಒರೆಸುವುದು

ಕಣ್ಣು ಬಿಡುವವರೆಗೆ ಮರಿಗೆ ತಾನಾಗಿ ಉಚ್ಚೆ, ಹಿಕ್ಕೆ ಸರಿಯಾಗಿ ಹೋಗುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗದಿಂದ ಬಾಲದ ಕಡೆಗೆ ಹಗುರವಾಗಿ ಒರೆಸಿ. ಉಜ್ಜಬೇಡಿ, ಚರ್ಮ ಕಿತ್ತುಬರುತ್ತದೆ. ಉಚ್ಚೆ ಪ್ರತಿ ಸಲ ಬರಬೇಕು. ಹಿಕ್ಕೆ ಪ್ರತಿ ಸಲ ಬರದಿದ್ದರೂ ಗಾಬರಿ ಬೇಡ. ಕೊನೆಗೆ ಒಣಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಚಳಿ.

## ಹಂತ 7: ದೊಡ್ಡ ಮೊಲದಿಂದ ಒಂದು ಸಾಲ

ದೊಡ್ಡ ಮೊಲದ ಮೆತ್ತಗಿನ ಹಿಕ್ಕೆಯನ್ನು ಮರಿಗೆ ಚೂರು ಕುಡಿಸಬೇಕು. ಕೇಳಲು ಅಸಹ್ಯ ಎನಿಸಬಹುದು, ಆದರೆ ಇದನ್ನು ಬಿಟ್ಟವರೇ ಮೂರನೇ ವಾರದ ನಂತರ ಮರಿ ಕಳೆದುಕೊಳ್ಳುವುದು ಜಾಸ್ತಿ. ದೊಡ್ಡ ಮೊಲದ ಜಠರದಲ್ಲಿ ಕಡು ಆಮ್ಲ ಇರುತ್ತದೆ, ಕೆಟ್ಟ ರೋಗಾಣು ಅಲ್ಲೇ ಸಾಯುತ್ತದೆ. ಮರಿಯ ಜಠರದಲ್ಲಿ ಅಷ್ಟು ಆಮ್ಲ ಇಲ್ಲ. ತಾಯಿಯ ಹಾಲು ಮರಿಯ ಜಠರರಸದೊಂದಿಗೆ ಸೇರಿದಾಗ ಹುಟ್ಟುವ ಒಂದು ಬಗೆಯ ಕೊಬ್ಬು ಆ ಕಾವಲು ಕೆಲಸ ಮಾಡುತ್ತದೆ. ಪುಡಿ ಹಾಲಿನಲ್ಲಿ ಅದಿಲ್ಲ. ಆ ಹಿಕ್ಕೆಯಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿ ಮೊದಲೇ ಜಾಗ ಹಿಡಿದಿದ್ದರೆ ಕೆಟ್ಟದ್ದಕ್ಕೆ ಜಾಗ ಕಡಿಮೆ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ನೋಡುವ ಒಣ ಗುಂಡು. ಇನ್ನೊಂದು ಮೆತ್ತಗಿನ, ಹೊಳೆಯುವ, ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿರುವ, ವಾಸನೆ ಗಾಢವಾಗಿರುವ ಹಿಕ್ಕೆ. ಅದನ್ನು ಮೊಲ ತಾನೇ ನೇರವಾಗಿ ತಿಂದುಬಿಡುತ್ತದೆ. ನಸುಕಿನಲ್ಲಿ ನೋಡಿದರೆ ಕೆಲವೊಮ್ಮೆ ಸಿಗುತ್ತದೆ. ಮರಿ ಕಣ್ಣು ಬಿಟ್ಟ ಮೇಲೆ, ಇದರ ಒಂದು ಕಾಳಿನಷ್ಟನ್ನು 1 ಮಿಲಿ ಹಾಲಿನಲ್ಲಿ ಕದಡಿ, ದಿನಕ್ಕೊಮ್ಮೆ ಮೂರ್ನಾಲ್ಕು ದಿನ ಕೊಡಿ. ಕೊಡುವ ಮೊಲ ಗಟ್ಟಿಮುಟ್ಟಾಗಿರಬೇಕು, ಅದರ ಹಿಕ್ಕೆಯನ್ನು ಮೊದಲೇ ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿರಬೇಕು. ಇಲ್ಲದಿದ್ದರೆ ಒಳ್ಳೆಯದರ ಜೊತೆ ಕಾಕ್ಸಿಡಿಯಾ ಎನ್ನುವ ಪರಾವಲಂಬಿಯನ್ನೂ ನೀವೇ ಕುಡಿಸಿದಂತೆ.

## ಹಂತ 8: ಹುಲ್ಲು, ಮತ್ತು ನಮ್ಮ ಮಳೆ

ಎರಡು ವಾರ ದಾಟಿದ ಮೇಲೆ ಪೆಟ್ಟಿಗೆಯಲ್ಲಿ ಒಣಹುಲ್ಲು ಹರಡಿ. ಮೊದಲು ಆಟಕ್ಕೆ ಕಚ್ಚುತ್ತದೆ, ಮೂರು ವಾರಕ್ಕೆ ತಿನ್ನುತ್ತದೆ. ತಟ್ಟೆಯಂಥ ಪಾತ್ರೆಯಲ್ಲಿ ನೀರಿಡಿ. ಮೂರು ವಾರದ ನಂತರ ಮೊಲದ ಸಾದಾ ಪೆಲೆಟ್ (ಗುಳಿಗೆಯಂತೆ ಒತ್ತಿದ ಸಿದ್ಧ ಆಹಾರ) ನಾಲ್ಕೈದು ಕಾಳು. ಬಣ್ಣದ ಚೂರು, ಜೋಳ, ಒಣಹಣ್ಣು ಬೆರೆಸಿದ ಪ್ಯಾಕೆಟ್ ಬೇಡ, ಮರಿ ಹುಲ್ಲು ಬಿಟ್ಟು ಅದನ್ನೇ ಹೆಕ್ಕುತ್ತದೆ.

ಹಸಿ ಸೊಪ್ಪು? ಕೈಯಲ್ಲಿ ಬೆಳೆದ ಮರಿಗೆ ಎಂಟು ವಾರವಾದರೂ ಆಗಲಿ. ಆಮೇಲೆ ಒಂದು ಎಲೆ, ಎರಡು ದಿನ ಹಿಕ್ಕೆ ನೋಡಿ, ಆಮೇಲೆ ಎರಡು ಎಲೆ. ಕ್ಯಾರೆಟ್ ಮೊಲದ ಊಟ ಎನ್ನುವುದು ಚಿತ್ರಪುಸ್ತಕದ ಮಾತು. ಅದರಲ್ಲಿ ಸಕ್ಕರೆ ಜಾಸ್ತಿ.

ನಮ್ಮಲ್ಲಿ ಕಷ್ಟ ಇರುವುದು ಹುಲ್ಲನ್ನು ಒಣಗಿಸಿ ಇಟ್ಟುಕೊಳ್ಳುವುದರಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದೂ ಒಣಗುವುದಿಲ್ಲ, ಒಣಗಿದ್ದೂ ಬೂಷ್ಟು ಹಿಡಿಯುತ್ತದೆ. ನಾನು ಕಾಫಿ ಎತ್ತಿ ಕಣ ಖಾಲಿಯಾದ ಮೇಲೆ, ಮಾರ್ಚ್ ಬಿಸಿಲಿನಲ್ಲಿ ಗಿನಿ ಹುಲ್ಲು ಮತ್ತು ಗರಿಕೆ ಕೊಯ್ದು ಕಣದಲ್ಲೇ ಒಣಗಿಸುತ್ತೇನೆ. ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಮಳೆಗಾಲ ದಾಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಕೊಡುವ ಮುಂಚೆ ಒಂದು ಹಿಡಿ ಮೂಗಿಗೆ ಹಿಡಿಯಿರಿ. ಚಹಾದಂತೆ ವಾಸನೆ ಬಂದರೆ ಸರಿ. ಹಳೆಯ ಚಾಪೆಯ ವಾಸನೆ ಬಂದರೆ, ಅಲ್ಲಾಡಿಸಿದಾಗ ಬೂದಿಯಂಥ ಪುಡಿ ಹಾರಿದರೆ, ಇಡೀ ಚೀಲ ಎಸೆಯಿರಿ. ಮೇಲಿನದ್ದು ತೆಗೆದು ಕೆಳಗಿನದ್ದು ಕೊಡುವ ಉಳಿತಾಯ ಬೇಡ. ಭತ್ತದ ಹುಲ್ಲು ಹಾಸಿಗೆಗೆ ಆಗಬಹುದು, ಊಟಕ್ಕೆ ಅದರಲ್ಲಿ ಸತ್ವ ಸಾಲದು.

ಕೊಯ್ಯುವ ಜಾಗವೂ ಮುಖ್ಯ. ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರ ಮೈಲುತುತ್ತ ಗಿಡದ ಕೆಳಗಿನ ಹುಲ್ಲಿಗೂ ಬೀಳುತ್ತದೆ. ಕಳೆನಾಶಕ ಹೊಡೆದ ಬ್ಲಾಕ್ ಅಂತೂ ಬೇಡವೇ ಬೇಡ. ಹುಲ್ಲಿನ ಜೊತೆ ಲಂಟಾನ, ಜರಿಗಿಡ ಬಂದಿದೆಯಾ ನೋಡಿ ಹೆಕ್ಕಿ ತೆಗೆಯಿರಿ. ಬೆಣ್ಣೆಹಣ್ಣಿನ ಎಲೆ, ಸಿಪ್ಪೆ, ಹಣ್ಣು ಮೂರೂ ಮೊಲಕ್ಕೆ ವಿಷ. ಅಂಗಳದ ಆಂಥೂರಿಯಂ ಕುಂಡಗಳನ್ನೂ ಮರಿಗೆ ಎಟುಕದಂತೆ ಎತ್ತಿಡಿ.

## ಹಂತ 9: ಹಿಕ್ಕೆ ನೋಡಲು ಕಲಿಯಿರಿ

ಪೆಟ್ಟಿಗೆಯ ತಳಕ್ಕೆ ಬಿಳಿ ಬಟ್ಟೆ ಹಾಸಿ, ದಿನಾ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ.

ಬರೀ ಹಾಲು ಕುಡಿಯುವ ಮರಿಯದ್ದು ಹಳದಿ ಮಿಶ್ರಿತ ಹಸಿರು, ಮೆತ್ತಗೆ, ಆದರೆ ಆಕಾರ ಇರುತ್ತದೆ. ಹುಲ್ಲು ತಿನ್ನಲು ಶುರುಮಾಡಿದ ಮೇಲೆ ಬಣ್ಣ ಗಾಢವಾಗುತ್ತದೆ. ನಾಲ್ಕೈದು ವಾರಕ್ಕೆ ಕರಿಮೆಣಸಿನ ಕಾಳಿನಂತೆ ಒಣ ಗುಂಡು ಬೀಳಬೇಕು. ಒಂದನ್ನು ಬೆರಳಲ್ಲಿ ಒಡೆದರೆ ಒಳಗೆ ಹುಲ್ಲಿನ ನಾರು ಕಾಣಬೇಕು. ಗುಂಡು ದಿನೇ ದಿನೇ ಚಿಕ್ಕದಾದರೆ, ಕೂದಲಿನಿಂದ ಸರದಂತೆ ಪೋಣಿಸಿಕೊಂಡರೆ, ಹುಲ್ಲು ಸಾಲುತ್ತಿಲ್ಲ.

ಇವು ಕಂಡರೆ ಕಾಯಬೇಡಿ: ನೀರಿನಂಥ ಬೇಧಿ, ಬಾಲದ ಕೆಳಗೆ ಒದ್ದೆ, ಗಂಜಿಯಂತೆ ಜಿಗುಟು ಲೋಳೆ, ರಕ್ತ. ಹಿಕ್ಕೆಯೇ ಇಲ್ಲದಿದ್ದರೂ ಅಷ್ಟೇ ಅಪಾಯ. ಮರಿ ಬೆನ್ನು ಬಿಲ್ಲಿನಂತೆ ಮಾಡಿ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದರೆ ಹೊಟ್ಟೆನೋವು. ಕಿವಿ ತಣ್ಣಗಾಗಿದ್ದರೆ, ಎತ್ತಿದಾಗ ಹೊಟ್ಟೆಯಲ್ಲಿ ನೀರು ಕುಲುಕಿದ ಸದ್ದು ಬಂದರೆ, ನಿಮ್ಮ ಕೈಯಲ್ಲಿ ಇರುವುದು ದಿನಗಳಲ್ಲ, ಕೆಲವೇ ಗಂಟೆ. ಇದೆಲ್ಲ ಹೆಚ್ಚು ಬರುವುದು ನಾಲ್ಕರಿಂದ ಎಂಟನೇ ವಾರದಲ್ಲಿ, ಮರಿ ಗೆದ್ದಿತು ಎಂದು ನಾವು ನೋಟ್‌ಬುಕ್ ಮುಚ್ಚಿಟ್ಟ ಹೊತ್ತಿನಲ್ಲಿ.

## ಹಂತ 10: ಹೊಟ್ಟೆ ಕೆಟ್ಟಾಗ

ಮೊದಲು ಮತ್ತೆ ಶಾಖ. ಪೆಲೆಟ್, ಸೊಪ್ಪು ತೆಗೆದುಬಿಡಿ, ಒಣಹುಲ್ಲು ಇರಲಿ. ಒಂದು ಹೊತ್ತಿನ ಹಾಲಿನ ಬದಲು ಓಆರ್‌ಎಸ್ ಕೊಡಿ. ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಅದೇ ದಿನ ಪಶುವೈದ್ಯರ ಬಳಿ ಹೋಗಿ. ಹೋಗಲಾಗದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ಸಹಾಯವಾಣಿ. ದನ, ನಾಯಿ ನೋಡಿ ಅಭ್ಯಾಸವಿರುವ ಎಷ್ಟೋ ವೈದ್ಯರಿಗೆ ಮೊಲ ಅಪರೂಪ, ಅದು ಅವರ ತಪ್ಪಲ್ಲ. ಬೇಕಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಮೈಸೂರಿಗೋ ಹೋಗುವ ತಯಾರಿ ಇರಲಿ.

ಒಂದು ಮಾತು ಮಾತ್ರ ಸಂಕೋಚವಿಲ್ಲದೆ ಕೇಳಿ: "ಡಾಕ್ಟ್ರೇ, ಈ ಆಂಟಿಬಯಾಟಿಕ್ ಮೊಲಕ್ಕೆ ಬಾಯಿಂದ ಕೊಡಬಹುದಾ?" ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಬಾಯಿಂದ ಕೊಟ್ಟರೆ ಮೊಲದ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿ ಸತ್ತು, ಮೊಲವೂ ಸಾಯಬಹುದು. ಮನೆಯಲ್ಲಿ ಉಳಿದ ಮಕ್ಕಳ ಸಿರಪ್ ಮುಟ್ಟಲೇಬೇಡಿ. ಬೇಧಿ ನಿಲ್ಲಿಸುವ ನಮ್ಮ ಮಾತ್ರೆಯೂ ಬೇಡ.

ಕಾಕ್ಸಿಡಿಯಾ ಎಂದು ಗೊತ್ತಾದರೆ ಔಷಧಿಯಷ್ಟೇ ಮುಖ್ಯ ಪೆಟ್ಟಿಗೆ. ಅದರ ಮೊಟ್ಟೆ ತೇವದಲ್ಲಿ ಬಲಿಯುತ್ತದೆ, ನಮ್ಮ ಮಳೆಗಾಲ ಅದಕ್ಕೆ ಹಬ್ಬ. ಫಿನೈಲಿಗೆ ಅದು ಜಗ್ಗುವುದಿಲ್ಲ. ರಟ್ಟಿನ ಪೆಟ್ಟಿಗೆ ಸುಟ್ಟುಹಾಕಿ ಹೊಸದು ಮಾಡಿ, ಬಟ್ಟೆ ಮತ್ತು ಪಾತ್ರೆಗೆ ದಿನಾ ಕುದಿಯುವ ನೀರು ಹಾಕಿ, ಪೂರ್ತಿ ಒಣಗಿಸಿ.

## ಹಂತ 11: ಹಾಲು ಬಿಡಿಸುವುದು

ಆರು ವಾರದ ಆಸುಪಾಸಿನಲ್ಲಿ, ಗುಂಡು ಹಿಕ್ಕೆ ಒಂದು ವಾರ ತಪ್ಪದೆ ಬಿದ್ದ ಮೇಲೆ ಮಾತ್ರ ಶುರುಮಾಡಿ. ಮೊದಲು ಬೆಳಗಿನ ಹಾಲನ್ನು ಮೂರು ದಿನಕ್ಕೊಮ್ಮೆ 3 ಮಿಲಿಯಂತೆ ಕಡಿಮೆ ಮಾಡುತ್ತಾ ಬನ್ನಿ, ಆಮೇಲೆ ರಾತ್ರಿಯದ್ದು. ಹಾಲು ನಿಲ್ಲಿಸುವ ವಾರದಲ್ಲೇ ಹೊಸ ಪೆಲೆಟ್, ಹೊಸ ಗೂಡು, ಹೊಸ ಮನೆ ಬೇಡ. ಕೆಲವು ಮರಿಗಳು ತಾವೇ ಒಂದು ದಿನ ಸಿರಿಂಜ್ ಕಂಡು ಮುಖ ತಿರುಗಿಸಿ ಹುಲ್ಲಿನ ಕಡೆ ಹೋಗುತ್ತವೆ. ಬಿಟ್ಟುಬಿಡಿ. ತೂಕ ಮಾತ್ರ ಎಂಟನೇ ವಾರ ಮುಗಿಯುವವರೆಗೆ ದಿನಾ ಬರೆಯುತ್ತಿರಿ.